ಚಳ್ಳಕೆರೆಯಲ್ಲಿ ಇಳಿದ ಇಸ್ರೋದ ‘ಪುಷ್ಪಕ್’ಗೆ ನೆಲ ಮುಟ್ಟುವಾಗ ಪ್ರಯಾಣಿಕ ವಿಮಾನಕ್ಕಿಂತ ಹೆಚ್ಚು ವೇಗ ಏಕೆ?

ಪುಷ್ಪಕ್ ಎಂದರೆ ಬಾಹ್ಯಾಕಾಶಕ್ಕೆ ಹೋಗಿ ಮರಳುವ, ಮತ್ತೆ ಬಳಸಬಹುದಾದ ವಾಹನಕ್ಕಾಗಿ ಮಾಡಿದ ರೆಕ್ಕೆಯುಳ್ಳ ಪರೀಕ್ಷಾ ಮಾದರಿ. ವೇಗಕ್ಕೆ ಮುಖ್ಯ ಕಾರಣ ಅದರ ರೆಕ್ಕೆ: ತೂಕಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ರೆಕ್ಕೆ ಕೊಡುವ ಎತ್ತುವ ಬಲ ಅದರ ವಿಸ್ತೀರ್ಣದೊಂದಿಗೆ ಹೆಚ್ಚುತ್ತದೆ, ವೇಗದೊಂದಿಗೆ ಇನ್ನೂ ಬೇಗ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಬಾಹ್ಯಾಕಾಶದಿಂದ ಮರಳುವ ವಾಹನಕ್ಕೆ ಉದ್ದನೆಯ ತೆಳು ರೆಕ್ಕೆ ಇಟ್ಟರೆ ವಾತಾವರಣ ಹೊಕ್ಕಾಗಿನ ಬಿಸಿಯನ್ನು ಅದು ತಾಳಲಾರದು. ಆದ್ದರಿಂದ ಮೊಂಡು ಮೂಗು, ಗಿಡ್ಡ ರೆಕ್ಕೆ. ರೆಕ್ಕೆಯ ಕೊರತೆಯನ್ನು ವೇಗವೇ ತುಂಬಬೇಕು.

2024ರ ಜೂನ್ 23ರಂದು ನಮ್ಮ ಚಿತ್ರದುರ್ಗ ಜಿಲ್ಲೆಯ ಬಯಲಿನ ಮೇಲೆ ಇಳಿಯುವ ಪರೀಕ್ಷೆಗಾಗಿ ಚಿನೂಕ್ ಹೆಲಿಕಾಪ್ಟರ್ ಪುಷ್ಪಕ್ ಅನ್ನು 4.5 ಕಿ.ಮೀ. ಎತ್ತರದಿಂದ, ಬೇಕೆಂದೇ ರನ್‌ವೇಯ ನೇರಕ್ಕಿಂತ 500 ಮೀಟರ್ ಪಕ್ಕಕ್ಕೆ ಬಿಟ್ಟಿತು. ಪೈಲಟ್ ಇಲ್ಲ, ಎಂಜಿನ್ ಬಲವೂ ಇಲ್ಲ. ಗುರಿ ತಪ್ಪಿದರೆ ಮೇಲೇರಿ ಇನ್ನೊಂದು ಸುತ್ತು ಬರುವಂತಿಲ್ಲ. ಆದರೂ ತಾನೇ ದಾರಿ ತಿದ್ದಿಕೊಂಡು ರನ್‌ವೇಯ ನಡುಗೆರೆಗೇ ಬಂದು ಇಳಿಯಿತು. ನನ್ನ ಮಟ್ಟಿಗೆ ವೇಗಕ್ಕಿಂತ ದೊಡ್ಡ ಸಾಧನೆ ಅದೇ.

ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು, ಪ್ರಯಾಣಿಕ ವಿಮಾನದ್ದು ಸುಮಾರು 260. ಪ್ಯಾರಾಚೂಟ್ ಬಿಚ್ಚಿಕೊಂಡು ವೇಗವನ್ನು 100ರ ಹತ್ತಿರಕ್ಕೆ ಎಳೆದು ತಂದ ಮೇಲೆಯೇ ಚಕ್ರದ ಬ್ರೇಕ್ ಹಾಕಲಾಯಿತು.