ಪೆಟ್ಟಿಗೆಯಲ್ಲಿದ್ದ ಕಾಳುಮೆಣಸು

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಸಂತ ಬೀಡ್ ಬಗ್ಗೆ ಓದಿದೆ. ಏಳನೇ ವಯಸ್ಸಿಗೆ ಮಠ ಸೇರಿದರು, ಓದಿದರು, ಬರೆದರು, ಅಲ್ಲೇ ತೀರಿಕೊಂಡರು. ಎಲ್ಲೂ ಹೋಗದವರ ಬಾಳಿನಲ್ಲಿ ಹೇಳೋಕೆ ಏನಿದೆ? ಅವರ ಪುಸ್ತಕದ ತುಂಬ ಪವಾಡಗಳಂತೆ. ಅದನ್ನು ಇತಿಹಾಸ ಅಂತ ಹೇಗೆ ಒಪ್ಪೋದು? ತೋಟದ ಕೆಲಸ ಮುಗಿಸಿ ರಾತ್ರಿ ಪತ್ರಿಕೆ ಓದುವವಳು ನಾನು. ತಪ್ಪು ತಿಳಿಯಬೇಡಿ.”

ತಪ್ಪು ತಿಳಿಯುವ ಮಾತೇ ಇಲ್ಲ. ಆ ಲೇಖನ ತೀರಾ ಚಿಕ್ಕದಾಯಿತು, ಮುಖ್ಯವಾದದ್ದೇ ಬಿಟ್ಟುಹೋಯಿತು. ಅದನ್ನು ಈಗ ಹೇಳುತ್ತೇನೆ.

ಉತ್ತರ ಇಂಗ್ಲೆಂಡಿನ ಟೈನ್ ನದಿಯ ಹತ್ತಿರ ಜಾರೋ ಮಠ, ಬೀಡ್ ಬಾಳಿದ್ದು ಅಲ್ಲೇ. 686ರ ಸುಮಾರಿಗೆ ಅಲ್ಲಿಗೆ ಪಿಡುಗು ಬಂತು. ಪ್ರಾರ್ಥನೆಯಲ್ಲಿ ಹಾಡಲು ಬಲ್ಲವರೆಲ್ಲ ಸತ್ತರು. ಉಳಿದವರು ಮಠದ ಹಿರಿಯ ಚೆಯೊಲ್‌ಫ್ರಿತ್ ಮತ್ತು ಒಬ್ಬ ಪುಟ್ಟ ಹುಡುಗ, ಇಬ್ಬರೇ. ಇಬ್ಬರಿಂದ ಆಗದು ಅಂತ ಕೀರ್ತನೆಗಳ ಜೊತೆಗಿನ ಪಲ್ಲವಿಗಳನ್ನು ಹಿರಿಯರು ಬಿಡಿಸಿದರು. ಒಂದು ವಾರ ಅಳುತ್ತಾ ಹಾಗೇ ನಡೆಸಿದರು. ಆಮೇಲೆ ತಡೆಯಲಾಗಲಿಲ್ಲ. ಕಷ್ಟವಾದರೂ ಸರಿ ಅಂತ ಆ ಇಬ್ಬರೇ ಮತ್ತೆ ಪೂರ್ತಿ ಹಾಡತೊಡಗಿದರು. ಇದನ್ನು ಬರೆದಿಟ್ಟವರು ಹುಡುಗನ ಹೆಸರು ಹೇಳಿಲ್ಲ. ಆಗ ಹದಿಮೂರರ ಆಸುಪಾಸಿನಲ್ಲಿದ್ದ ಬೀಡ್ ಅವನೇ ಅಂತ ಬಹಳ ಜನ ನಂಬುತ್ತಾರೆ. ನಾನೂ ನಂಬುತ್ತೇನೆ.

ಇನ್ನು ಇತಿಹಾಸದ ಮಾತು. ಇಂಗ್ಲಿಷ್ ಜನರ ಧರ್ಮಸಭೆಯ ಚರಿತ್ರೆಯನ್ನು ಬೀಡ್ ಬರೆದು ಮುಗಿಸಿದ್ದು 731ರಲ್ಲಿ, ಐದು ಭಾಗಗಳಲ್ಲಿ. ನಾವು ಸುಮ್ನೆ ಬರೆದುಬಿಡುವ ‘ಕ್ರಿ.ಶ.’ ಇದೆಯಲ್ವಾ, ಆ ಎಣಿಕೆ ಯುರೋಪಿನಲ್ಲಿ ಹರಡಿದ್ದು ಹೆಚ್ಚಾಗಿ ಬೀಡ್ ಪುಸ್ತಕಗಳಿಂದ. ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಆ ಚರಿತ್ರೆಯ ಮುನ್ನುಡಿ. ಯಾವ ಸೀಮೆಯ ಸುದ್ದಿಯನ್ನು ಯಾರು ಹೇಳಿದರು ಅಂತ ಅಲ್ಲಿ ಹೆಸರು ಹಿಡಿದು ಹೇಳುತ್ತಾರೆ. ದಕ್ಷಿಣದ ಕ್ಯಾಂಟರ್ಬರಿ ಊರಿನ ವಿಷಯ ಅಲ್ಲಿನ ಮಠದ ಹಿರಿಯ ಆಲ್ಬಿನಸ್ ಹೇಳಿದ್ದು. ಅವರ ಮಾತನ್ನು ತಲುಪಿಸಿದ್ದು ಲಂಡನ್ನಿನ ಪಾದ್ರಿ ನಾಥೆಲ್ಮ್. ಈ ನಾಥೆಲ್ಮ್ ರೋಮಿಗೂ ಹೋಗಿ, ಪೋಪರ ಕಡತಗಳಲ್ಲಿ ಹುಡುಕಿ ಹಳೆಯ ಪತ್ರಗಳನ್ನು ತಂದುಕೊಟ್ಟರು. ಬೀಡ್ ಹೆಚ್ಚಾಗಿ ಕೂತಲ್ಲೇ ಕೂತಿದ್ದರು, ನಿಜ. ಆದರೆ ಸುದ್ದಿ ಊರೂರಿಂದ ಅವರ ಮೇಜಿಗೆ ಬರುತ್ತಿತ್ತು.

ಸಂತ ಕತ್ಬರ್ಟ್ ಅವರ ಜೀವನ ಬರೆದಾಗಲೂ ಹಾಗೆಯೇ. ಕತ್ಬರ್ಟ್ ಬಾಳಿದ್ದ ಲಿಂಡಿಸ್‌ಫಾರ್ನ್ ಮಠದ ಹಿರಿಯರ ಮುಂದೆ ಎರಡು ದಿನ ಅದನ್ನು ಓದಿಸಿದರು. ಬೈಬಲ್ ವ್ಯಾಖ್ಯಾನದಲ್ಲಿ ಬೇರೆಯವರ ಮಾತು ಬಂದ ಕಡೆ ಅವರ ಹೆಸರಿನ ಅಕ್ಷರವನ್ನು ಅಂಚಿನಲ್ಲಿ ಬರೆದಿಟ್ಟರು. ನಕಲು ಮಾಡುವವರು ಆ ಗುರುತುಗಳನ್ನು ಬಿಡಬಾರದು ಅಂತ ಕೇಳಿಕೊಂಡರು.

ಪವಾಡಗಳಿವೆ, ಬೇಕಾದಷ್ಟಿವೆ. ಬೀಡ್ ಅವನ್ನು ನಂಬಿದ್ದರು. ನೀವು ನಂಬಬೇಕಿಲ್ಲ. ಆದರೆ ಎಷ್ಟೋ ಕಡೆ ಆ ಕಥೆ ಯಾರ ಬಾಯಿಂದ ಬಂತು ಅನ್ನುವುದೂ ಅಲ್ಲೇ ಇದೆ. ಹೇಳಿದವರನ್ನು ಮರೆಮಾಡದ ಬರಹಗಾರರನ್ನು ನಾನು ಪೂರ್ತಿ ನಂಬುತ್ತೇನೆ. ಪತ್ರಿಕೆಯ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಂಡಿಲ್ಲ.

ಬೀಡ್ ಅವರ ಕೊನೆಯ ದಿನವನ್ನು ಕತ್ಬರ್ಟ್ ಎಂಬ ಶಿಷ್ಯರು ಪತ್ರದಲ್ಲಿ ಬರೆದಿದ್ದಾರೆ (ಆ ಸಂತರಲ್ಲ, ಇವರು ಬೇರೆ). 735ರ ಮೇ ಕೊನೆಯ ವಾರ. ಕಾಲು ಊದಿತ್ತು, ಉಸಿರಾಟ ಕಷ್ಟವಾಗಿತ್ತು. ಬೈಬಲ್ಲಿನ ಯೋಹಾನನ ಸುವಾರ್ತೆಯನ್ನು ಜನರ ಮಾತಾದ ಇಂಗ್ಲಿಷಿಗೆ ತರುತ್ತಿದ್ದರು. ಬರೆದುಕೊಳ್ಳುತ್ತಿದ್ದ ಹುಡುಗ ವಿಲ್ಬರ್ಟ್ ಸಂಜೆ ಹೇಳಿದ: ಗುರುಗಳೇ, ಇನ್ನೊಂದು ವಾಕ್ಯ ಉಳಿದಿದೆ. ಬರೆದುಕೋ ಅಂದರು. ಸ್ವಲ್ಪ ಹೊತ್ತಿಗೆ ಹುಡುಗ, ಮುಗೀತು ಅಂದ. ಸರಿಯಾಗಿ ಹೇಳಿದೆ ಅಂದರು. ಕೋಣೆಯ ನೆಲದ ಮೇಲೆ ಕೂತು, ಸ್ತುತಿ ಹಾಡುತ್ತಾ ಪ್ರಾಣ ಬಿಟ್ಟರು.

ಅದಕ್ಕೂ ಮುಂಚೆ, ಅದೇ ಮಧ್ಯಾಹ್ನ, ಮಠದ ಪಾದ್ರಿಗಳನ್ನು ಕರೆಸಿಕೊಂಡಿದ್ದರು. ತಮ್ಮ ಪೆಟ್ಟಿಗೆಯಲ್ಲಿ ಬೆಲೆಬಾಳುವ ಸಾಮಾನು ಒಂದಿಷ್ಟಿದೆ, ಹಂಚಬೇಕು ಅಂದರು. ಇದ್ದದ್ದು ಮೂರೇ: ಬಟ್ಟೆಯ ತುಂಡುಗಳು, ಧೂಪ, ಕಾಳುಮೆಣಸು. ಆಗ ಯುರೋಪಿಗೆ ಮೆಣಸು ಹೋಗುತ್ತಿದ್ದದ್ದು ನಮ್ಮ ಘಟ್ಟದ ಕೆಳಗಿನ ಮಲಬಾರ್ ಕರಾವಳಿಯಿಂದ. ನಿಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿರುತ್ತದಲ್ಲಾ, ಅದೇ ಬಳ್ಳಿಯ ಕಾಳು. ಅದನ್ನು ಅವರು ಒಬ್ಬೊಬ್ಬರಿಗೂ ಒಂದಿಷ್ಟು ಕೊಟ್ಟು, ನನಗಾಗಿ ಪ್ರಾರ್ಥಿಸಿ ಅಂತ ಕೇಳಿಕೊಂಡರು.