ಚಿತ್ರಗಳಿಗೆ ಹೆಸರು ಕೊಡುವುದು, ಕಾಪಿ ಮಾಡಿದ್ದು ಕಳೆದುಹೋಗುವುದು, ನಿಧಾನವಾದ ಕಂಪ್ಯೂಟರ್: ತಮ್ಮ ಮೂರು ಪ್ರಶ್ನೆಗಳಿಗೆ ಉತ್ತರ

ನಮಸ್ಕಾರ. ಕ್ಯಾಮೆರಾದಿಂದ ಇಳಿಸಿಕೊಂಡ ನೂರಾರು ಹಕ್ಕಿ ಚಿತ್ರಗಳಿಗೆ ಒಂದೊಂದಾಗಿ ಹೆಸರು ಕೊಡುವಷ್ಟರಲ್ಲಿ ದಿನವೇ ಮುಗಿಯುತ್ತದೆ, ಟಿಪ್ಪಣಿ ಬರೆಯುವಾಗ ಹೊಸದನ್ನು ಕಾಪಿ ಮಾಡಿದರೆ ಹಳೆಯದು ಹೋಗಿಬಿಡುತ್ತದೆ, ಪ್ರತಿ ರಾತ್ರಿ ಆರಿಸಿದರೂ ಕಂಪ್ಯೂಟರ್ ಚುರುಕಾಗುವುದಿಲ್ಲ ಎಂದು ತಾವು ಈ ವೇದಿಕೆಯಲ್ಲಿ ಬರೆದಿದ್ದೀರಿ. ಅದರ ಕೆಳಗೆ ಸದಸ್ಯರೊಬ್ಬರು ನೂರಕ್ಕೂ ಹೆಚ್ಚು ಶಾರ್ಟ್‌ಕಟ್‌ಗಳ, ಅಂದರೆ ಮೌಸ್ ಬದಲು ಒತ್ತುವ ಕೀಲಿಗಳ ಪಟ್ಟಿ ಹಾಕಿದ್ದಾರೆ. ಅವರ ಶ್ರಮಕ್ಕೆ ಗೌರವವಿದೆ, ಆದರೆ ಅಷ್ಟನ್ನೂ ಬಾಯಿಪಾಠ ಮಾಡಲು ಹೋದರೆ ಮೂರನೆಯ ದಿನಕ್ಕೆ ಎಲ್ಲವೂ ಮರೆತಿರುತ್ತದೆ. ಯಾವ ಕೆಲಸ ತಮ್ಮನ್ನು ಹೆಚ್ಚು ಸತಾಯಿಸುತ್ತಿದೆಯೋ ಅದಕ್ಕೆ ಬೇಕಾದ ಕೀಲಿಗಳನ್ನಷ್ಟೇ ಮೊದಲು ಕಲಿಯಿರಿ. ನಾನು ಇಲ್ಲಿ ಹೇಳುವುದು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು.

ಹೆಸರಿನ ವಿಷಯವನ್ನೇ ಮೊದಲು ನೋಡೋಣ. ಫೋಲ್ಡರ್ ತೆರೆದು ಚಿತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಿ. ಒಂದೇ ಹಕ್ಕಿಯ ಚಿತ್ರಗಳಲ್ಲಿ ಮೊದಲನೆಯದರ ಮೇಲೆ ಕ್ಲಿಕ್ ಮಾಡಿ, ಶಿಫ್ಟ್ ಒತ್ತಿ ಹಿಡಿದು ಕೊನೆಯದರ ಮೇಲೆ ಕ್ಲಿಕ್ ಮಾಡಿದರೆ ನಡುವಿನವೆಲ್ಲ ಆಯ್ಕೆಯಾಗುತ್ತವೆ. ನಡುವೆ ಬೇಡದ್ದು ಸೇರಿದ್ದರೆ ಕಂಟ್ರೋಲ್ ಹಿಡಿದು ಅದನ್ನು ಕ್ಲಿಕ್ಕಿಸಿ ಹೊರಗಿಡಬಹುದು. ಈಗ ಎಫ್2 ಒತ್ತಿ, ‘2025-03-07 ಮಿಂಚುಳ್ಳಿ’ ಎಂದು ಬರೆದು ಎಂಟರ್ ಒತ್ತಿರಿ. ಆಯ್ಕೆಯಾದ ಎಲ್ಲ ಚಿತ್ರಗಳಿಗೂ ಅದೇ ಹೆಸರು ಬಂದು, ಕೊನೆಯಲ್ಲಿ ಆವರಣದೊಳಗೆ 1, 2, 3 ಎಂದು ಸಂಖ್ಯೆ ತಾನಾಗಿ ಸೇರಿಕೊಳ್ಳುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿಯೇ ದಿನಾಂಕ ಬರೆಯಿರಿ, ತಿಂಗಳಿಗೂ ದಿನಕ್ಕೂ ಎರಡೆರಡು ಅಂಕಿ ಇರಲಿ. ಹಾಗಿದ್ದರೆ ಹೆಸರಿನ ಪ್ರಕಾರ ಜೋಡಿಸಿದರೂ ಕಾಲಕ್ರಮ ಕೆಡುವುದಿಲ್ಲ. ಪ್ರತಿ ಚಿತ್ರಕ್ಕೂ ಬೇರೆ ಹೆಸರು ಬೇಕಿದ್ದರೆ, ಮೊದಲನೆಯದಕ್ಕೆ ಎಫ್2 ಒತ್ತಿ ಹೆಸರು ಬರೆದ ಮೇಲೆ ಎಂಟರ್ ಬದಲು ಟ್ಯಾಬ್ ಒತ್ತಿ. ಮುಂದಿನ ಚಿತ್ರದ ಹೆಸರು ತಾನೇ ಬರೆಯಲು ತೆರೆದುಕೊಳ್ಳುತ್ತದೆ, ಮೌಸ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಒಮ್ಮೆ ನಾನು ಅವಸರದಲ್ಲಿ ಕಂಟ್ರೋಲ್ ಮತ್ತು ಎ ಒತ್ತಿ ಇಡೀ ಫೋಲ್ಡರನ್ನೇ ಆಯ್ಕೆ ಮಾಡಿ, ಗೂಬೆ, ಮರಕುಟಿಗ, ಹದ್ದು ಎಲ್ಲವನ್ನೂ ಮಿಂಚುಳ್ಳಿ ಮಾಡಿಬಿಟ್ಟಿದ್ದೆ. ಆಗ ಕೈಹಿಡಿದದ್ದು ಕಂಟ್ರೋಲ್ ಮತ್ತು ಝಡ್. ಇದು ಬರವಣಿಗೆಗೆ ಮಾತ್ರ ಎಂದು ಅನೇಕರು ತಿಳಿದಿರುತ್ತಾರೆ, ಆದರೆ ಫೋಲ್ಡರಿನಲ್ಲಿ ಹೆಸರು ಬದಲಿಸಿದ್ದು, ಫೈಲ್‌ಗಳನ್ನು ಬೇರೆಡೆಗೆ ಸರಿಸಿದ್ದು, ಅಳಿಸಿ ರೀಸೈಕಲ್ ಬಿನ್‌ಗೆ ಕಳುಹಿಸಿದ್ದು, ಇವನ್ನೂ ಅದು ಹಿಂದಕ್ಕೆ ತರುತ್ತದೆ. ತಪ್ಪು ತಿಳಿದ ಕೂಡಲೇ, ಬೇರೇನನ್ನೂ ಮಾಡುವ ಮೊದಲು ಒತ್ತಬೇಕು. ಶಿಫ್ಟ್ ಮತ್ತು ಡಿಲೀಟ್ ಒತ್ತಿ ಅಳಿಸಿದ್ದಕ್ಕೆ ಈ ರಕ್ಷಣೆ ಇಲ್ಲ. ಪೆನ್‌ಡ್ರೈವ್ ಅಥವಾ ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ನೇರವಾಗಿ ಅಳಿಸಿದ ಚಿತ್ರಗಳೂ ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಬರುವುದಿಲ್ಲ. ಆದ್ದರಿಂದ ಆರಿಸುವ, ಅಳಿಸುವ ಕೆಲಸವನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಪ್ರತಿಯ ಮೇಲೆಯೇ ಮಾಡುವುದು ಕ್ಷೇಮ.

ಕಾಪಿ ಮಾಡಿದ್ದು ಕಳೆದುಹೋಗುವ ಸಮಸ್ಯೆಗೆ 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್‌ನಿಂದಲೇ ಪರಿಹಾರವಿದೆ. ಕಂಟ್ರೋಲ್ ಮತ್ತು ವಿ ಬದಲು ವಿಂಡೋಸ್ ಕೀಲಿ ಮತ್ತು ವಿ ಒತ್ತಿ. ಮೊದಲ ಸಲ ಇದನ್ನು ಚಾಲೂ ಮಾಡಬೇಕೇ ಎಂದು ಕೇಳುತ್ತದೆ, ಒಪ್ಪಿಕೊಳ್ಳಿ. ಆಮೇಲೆ ಕಾಪಿ ಮಾಡಿದ ಇತ್ತೀಚಿನ 25 ಸಂಗತಿಗಳು ಪಟ್ಟಿಯಾಗಿ ಕಾಣುತ್ತವೆ, ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದಾಗ ಪಟ್ಟಿ ಖಾಲಿಯಾಗುತ್ತದೆ, ಅದರ ಪಕ್ಕದ ಪಿನ್ ಗುರುತನ್ನು ಒತ್ತಿ ಪಿನ್ ಮಾಡಿಟ್ಟದ್ದು ಮಾತ್ರ ಉಳಿಯುತ್ತದೆ. ಹಕ್ಕಿಗಳ ವೈಜ್ಞಾನಿಕ ಹೆಸರುಗಳನ್ನು ನಾನು ಹೀಗೆ ಪಿನ್ ಮಾಡಿಟ್ಟುಕೊಂಡಿದ್ದೇನೆ. ಎಚ್ಚರ ಬೇಕಾದದ್ದು ಒಂದೇ: ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಅಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಕುಳಿತಿರಬಹುದು. ಇನ್ನು ಜಾಲತಾಣದಿಂದ ತಂದ ಸಾಲುಗಳ ಜೊತೆ ಬಣ್ಣ, ಅಕ್ಷರದ ಗಾತ್ರ ಎಲ್ಲವೂ ಅಂಟಿಕೊಂಡು ಬರುವುದು ಬೇಡವಾದರೆ, ಬ್ರೌಸರಿನೊಳಗೆ ಬರೆಯುವಾಗ ಕಂಟ್ರೋಲ್, ಶಿಫ್ಟ್ ಮತ್ತು ವಿ ಒತ್ತಿದರೆ ಬರಿಯ ಪಠ್ಯವಷ್ಟೇ ಬರುತ್ತದೆ.

ಇವುಗಳ ಜೊತೆಗೆ ಉಪಯೋಗಕ್ಕೆ ಬರುವ ಇನ್ನೂ ಕೆಲವು ಕೀಲಿಗಳಿವೆ. ತಪ್ಪಿ ಮುಚ್ಚಿದ ಬ್ರೌಸರ್ ಟ್ಯಾಬನ್ನು ಕಂಟ್ರೋಲ್, ಶಿಫ್ಟ್ ಮತ್ತು ಟಿ ಮರಳಿ ತೆರೆಯುತ್ತದೆ. ಪರದೆಯ ಒಂದು ಭಾಗವನ್ನು ಮಾತ್ರ ಚಿತ್ರವಾಗಿ ಹಿಡಿಯಲು ವಿಂಡೋಸ್ ಕೀಲಿ, ಶಿಫ್ಟ್ ಮತ್ತು ಎಸ್. ಬರೆಯುತ್ತಿರುವಾಗ ಮುಂದಿನ ಅಕ್ಷರಗಳು ಒಂದೊಂದಾಗಿ ಮಾಯವಾಗತೊಡಗಿದರೆ ಗಾಬರಿ ಬೇಡ, ಬೆರಳು ಇನ್ಸರ್ಟ್ ಕೀಲಿಗೆ ತಾಗಿರುತ್ತದೆ. ಇನ್ನೊಮ್ಮೆ ಒತ್ತಿದರೆ ಸರಿಹೋಗುತ್ತದೆ.

ಕೊನೆಯ ಪ್ರಶ್ನೆಗೆ ಶಾರ್ಟ್‌ಕಟ್‌ಗಿಂತ ತಿಳಿವಳಿಕೆ ಮುಖ್ಯ. ಷಟ್‌ಡೌನ್ ಮಾಡಿದರೆ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ ಎಂಬುದು ಸಹಜವಾದ ನಂಬಿಕೆ, ಆದರೆ ವಿಂಡೋಸ್ 8ರಿಂದ ಈಚೆಗೆ ಅದು ಪೂರ್ತಿ ನಿಜವಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಚಾಲೂ ಇರುವ ಕಂಪ್ಯೂಟರುಗಳಲ್ಲಿ, ಷಟ್‌ಡೌನ್ ಮಾಡಿದಾಗ ನಾವು ತೆರೆದ ಕಾರ್ಯಕ್ರಮಗಳು ಮುಚ್ಚಿಕೊಂಡರೂ, ವಿಂಡೋಸಿನ ಒಳತಿರುಳೂ ಡ್ರೈವರುಗಳೂ (ಕಂಪ್ಯೂಟರಿನ ಸಾಧನಗಳನ್ನು ನಡೆಸುವ ತಂತ್ರಾಂಶಗಳು) ಇದ್ದ ಸ್ಥಿತಿಯಲ್ಲೇ ಡಿಸ್ಕಿನಲ್ಲಿ ಉಳಿದು, ಮರುದಿನ ಹಾಗೆಯೇ ಎದ್ದು ಬರುತ್ತವೆ. ಬೇಗ ಶುರುವಾಗುವುದೇನೋ ನಿಜ, ಆದರೆ ಒಳಗೆ ಸೇರಿಕೊಂಡ ಗೋಜಲೂ ಅದರ ಜೊತೆಗೇ ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಹೀಗಾಗುವುದಿಲ್ಲ. ಪರೀಕ್ಷಿಸಲು ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಎಂಬುದರ ಮೇಲೆ ಕ್ಲಿಕ್ ಮಾಡಿ, ‘ಅಪ್ ಟೈಮ್’ ಎಂಬಲ್ಲಿ, ಅಂದರೆ ವಿಂಡೋಸ್ ಹೊಸದಾಗಿ ಶುರುವಾಗಿ ಎಷ್ಟು ಕಾಲವಾಯಿತು ಎಂಬಲ್ಲಿ ನೋಡಿ. ನಿನ್ನೆ ರಾತ್ರಿಯೇ ಆರಿಸಿದ್ದರೂ ಅಲ್ಲಿ ಹತ್ತಾರು ದಿನಗಳ ಲೆಕ್ಕ ಕಂಡರೆ ಕಾರಣ ಇದೇ ಇರಬಹುದು. ಒಮ್ಮೆ ರೀಸ್ಟಾರ್ಟ್ ಮಾಡಿ. ಆಮೇಲೂ ನಿಧಾನವೇ ಆಗಿದ್ದರೆ, ಅದೇ ಕಿಟಕಿಯ ಮೊದಲ ಪುಟದಲ್ಲಿ ಮೆಮೊರಿ ಎಂಬ ಶೀರ್ಷಿಕೆಯ ಮೇಲೆ ಕ್ಲಿಕ್ ಮಾಡಿ, ಮೇಲಿನ ನಾಲ್ಕೈದು ಸಾಲುಗಳ ಚಿತ್ರ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.