ನಿಮ್ಮದೇ ಹೋಲಿಕೆಯ ಅಳತೆ ಬರೆದರೂ ಶಿಫಾರಸು ಯಾಕೆ ಸರಿಯಾಗಿಲ್ಲ?

ಪ್ರಶ್ನೆ: ಅಪಾಚೆ ಮಹೌಟ್ ಎಂಬ ಜಾವಾ ಲೈಬ್ರರಿ ಇಟ್ಟುಕೊಂಡು ಸಿನಿಮಾ ಶಿಫಾರಸು ಮಾಡುವ ಸಣ್ಣ ಸಿಸ್ಟಮ್ ಕಟ್ಟುತ್ತಿದ್ದೇನೆ. ಅದರಲ್ಲಿರುವ ಪಿಯರ್ಸನ್ ಕೋರಿಲೇಶನ್ (ಇಬ್ಬರ ರೇಟಿಂಗ್‌ಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂದು -1ರಿಂದ 1ರ ಒಳಗೆ ಹೇಳುವ ಅಳತೆ) ಬರೀ ರೇಟಿಂಗ್ ನೋಡುತ್ತದೆ. ನನ್ನ ಹತ್ತಿರ ಬಳಕೆದಾರರ ವಯಸ್ಸು, ಕೆಲಸದ ವಿವರವೂ ಇದೆ. ಅದನ್ನೂ ಸೇರಿಸಿ ನನ್ನದೇ ಹೋಲಿಕೆಯ ಅಳತೆ ಬರೆದೆ. ಆದರೂ ವಿಚಿತ್ರವಾದ ಶಿಫಾರಸುಗಳೇ ಬರುತ್ತಿವೆ. ಎಲ್ಲಿ ಎಡವಿದ್ದೇನೆ?

ಉತ್ತರ: ಮೊದಲು ಒಂದು ಸಣ್ಣ ವಿಷಯ ನೋಡಿಬಿಡಿ. ಮಹೌಟ್‌ನಲ್ಲಿ ಹೋಲಿಕೆಯನ್ನು ಎರಡು ಕಡೆ ಕೊಡಬೇಕು. ನೆರೆಯವರನ್ನು, ಅಂದರೆ ಹೋಲಿಕೆ ಹೆಚ್ಚಿರುವ ಬಳಕೆದಾರರನ್ನು, ಆರಿಸುವ ನಿಯರೆಸ್ಟ್ ಎನ್ ಯೂಸರ್ ನೇಬರ್‌ಹುಡ್‌ಗೆ ಒಮ್ಮೆ, ಅವರ ರೇಟಿಂಗ್‌ಗೆ ತೂಕ ಹಾಕುವ ಜೆನೆರಿಕ್ ಯೂಸರ್ ಬೇಸ್ಡ್ ರೆಕಮೆಂಡರ್‌ಗೆ ಇನ್ನೊಮ್ಮೆ. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯ ಪಿಯರ್ಸನ್ ಉಳಿದಿದ್ದರೆ ಕೋಡ್ ಏನೂ ತಕರಾರಿಲ್ಲದೆ ಓಡುತ್ತದೆ. ಎರರ್ ಬರುವುದಿಲ್ಲ, ಅದೇ ತೊಂದರೆ. ಇದರಲ್ಲಿ ನಾನೂ ಒಮ್ಮೆ ಅರ್ಧ ದಿನ ಕಳೆದಿದ್ದೇನೆ.

ಅದು ಸರಿ ಇದೆ ಎಂದುಕೊಳ್ಳೋಣ. ಹಾಗಾದರೆ ನನ್ನ ಅನುಮಾನ ನಿಮ್ಮ ವಯಸ್ಸು, ಕೆಲಸದ ಲೆಕ್ಕದ ಮೇಲಲ್ಲ, ಅದಕ್ಕೆ ಜೋಡಿಸಿದ ಪಿಯರ್ಸನ್ ಮೇಲೆ. ಇಬ್ಬರೂ ನೋಡಿರುವುದು ಎರಡೇ ಸಿನಿಮಾ ಎಂದಿಟ್ಟುಕೊಳ್ಳಿ. ಒಬ್ಬರು 5 ಮತ್ತು 4 ಕೊಟ್ಟಿದ್ದಾರೆ, ಇನ್ನೊಬ್ಬರು 2 ಮತ್ತು 1. ಪಿಯರ್ಸನ್ ಎಷ್ಟು ಗೊತ್ತಾ? ಸರಿಯಾಗಿ 1. ಎರಡೇ ಬಿಂದುಗಳ ಮೂಲಕ ಯಾವಾಗಲೂ ಒಂದು ಗೆರೆ ಎಳೆಯಬಹುದು, ಅಲ್ವಾ? ಹಾಗಾಗಿ ಉತ್ತರ 1 ಅಥವಾ -1, ಮಧ್ಯದ್ದು ಬರುವುದೇ ಇಲ್ಲ. ಒಬ್ಬರು ಎರಡಕ್ಕೂ ಒಂದೇ ರೇಟಿಂಗ್ ಕೊಟ್ಟಿದ್ದರೆ ಲೆಕ್ಕವೇ ಹುಟ್ಟುವುದಿಲ್ಲ. ಕೊಸೈನ್, ಅಂದರೆ ಇಬ್ಬರ ರೇಟಿಂಗ್ ಸಾಲುಗಳ ನಡುವಿನ ಕೋನ ನೋಡುವ ಅಳತೆ, ಇನ್ನೂ ಮೋಸಗಾರ. ಇಬ್ಬರೂ ನೋಡಿದ ಸಿನಿಮಾಗಳನ್ನಷ್ಟೇ ಹಿಡಿದರೆ, ಒಂದೇ ಸಿನಿಮಾಗೆ ಒಬ್ಬರು 5, ಇನ್ನೊಬ್ಬರು 1 ಕೊಟ್ಟಿದ್ದರೂ ಅದು 1 ಎನ್ನುತ್ತದೆ!

ಹೀಗಾಗಿ ನಲವತ್ತು ಸಿನಿಮಾಗಳಲ್ಲಿ ಅಭಿಪ್ರಾಯ ಕೂಡಿರುವ ನಿಜವಾದ ಜೊತೆಗಾರ 0.7ರಲ್ಲಿ ಹಿಂದೆ ಉಳಿಯುತ್ತಾನೆ. ಎರಡು ಸಿನಿಮಾದ ಅಪರಿಚಿತ 1 ಪಡೆದು ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಅಳತೆ ಎಷ್ಟೇ ಚೆಂದ ಇರಲಿ, ತನ್ನ ಹತ್ತಿರ ಎಷ್ಟು ಸಾಕ್ಷಿ ಇದೆ ಎಂದು ಅದಕ್ಕೆ ಗೊತ್ತಿರಬೇಕು. 1999ರಲ್ಲೇ ಹರ್ಲಾಕರ್ ಎಂಬ ಸಂಶೋಧಕ ಮತ್ತು ಜೊತೆಗಾರರು ಇದಕ್ಕೆ ಸರಳ ಮದ್ದು ಹೇಳಿದ್ದರು. ಇಬ್ಬರೂ ರೇಟ್ ಮಾಡಿದ್ದು 50ಕ್ಕಿಂತ ಕಡಿಮೆ ಇದ್ದರೆ, ಆ ಸಂಖ್ಯೆಯನ್ನು 50ರಿಂದ ಭಾಗಿಸಿ ಹೋಲಿಕೆಗೆ ಗುಣಿಸಿ.

ನಿಮ್ಮ ಹತ್ತಿರ ಪ್ರೊಫೈಲ್ (ವಯಸ್ಸು, ಕೆಲಸ) ಕೂಡ ಇರುವುದರಿಂದ ಇನ್ನೂ ಒಳ್ಳೆಯ ದಾರಿ ಇದೆ. ರೇಟಿಂಗ್‌ಗೂ ಪ್ರೊಫೈಲ್‌ಗೂ ಅರ್ಧರ್ಧ ತೂಕ ಕೊಡಬೇಡಿ. ಇಬ್ಬರಿಗೂ ಸಾಮಾನ್ಯವಾದ ಸಿನಿಮಾಗಳ ಸಂಖ್ಯೆಯನ್ನು, ಅದೇ ಸಂಖ್ಯೆಗೆ 10 ಕೂಡಿಸಿದ ಮೊತ್ತದಿಂದ ಭಾಗಿಸಿ. ಅಷ್ಟು ತೂಕ ರೇಟಿಂಗ್ ಹೋಲಿಕೆಗೆ, ಉಳಿದದ್ದು ಪ್ರೊಫೈಲ್‌ಗೆ. ಆ ಅಪರಿಚಿತ, ಆ ಜೊತೆಗಾರ ಇಬ್ಬರ ಪ್ರೊಫೈಲ್ ಹೋಲಿಕೆಯೂ 0.3 ಎಂದುಕೊಳ್ಳಿ. ಅಪರಿಚಿತನಿಗೆ ತೂಕ 12ರಲ್ಲಿ 2, ಅಂದರೆ ಸುಮಾರು 0.17. ಅವನ ಒಟ್ಟು ಅಂಕ 0.42ಕ್ಕೆ ಇಳಿಯುತ್ತದೆ. ನಲವತ್ತು ಸಿನಿಮಾದವನಿಗೆ ತೂಕ 50ರಲ್ಲಿ 40, ಅಂಕ 0.62. ಸಾಲು ಸರಿಹೋಯಿತು. ಆ 10 ದೇವರು ಕೊಟ್ಟ ಸಂಖ್ಯೆಯೇನಲ್ಲ. 5, 20, 50 ಹಾಕಿ ನೋಡಿ, ನಿಮ್ಮ ಡೇಟಾಗೆ ಯಾವುದು ಹೊಂದುತ್ತದೋ ಅದನ್ನು ಇಟ್ಟುಕೊಳ್ಳಿ.

ವಯಸ್ಸನ್ನು ಇದ್ದ ಹಾಗೇ ವೆಕ್ಟರ್‌ಗೆ, ಅಂದರೆ ಸಂಖ್ಯೆಗಳ ಸಾಲಿಗೆ, ತುರುಕಬೇಡಿ. 40 ಎಂಬ ವಯಸ್ಸಿನ ಪಕ್ಕದಲ್ಲಿ 0, 1 ಇರುವ ಕೆಲಸದ ಕಾಲಮ್‌ಗಳು ಲೆಕ್ಕಕ್ಕೇ ಬರುವುದಿಲ್ಲ. ಇಬ್ಬರ ವಯಸ್ಸಿನ ವ್ಯತ್ಯಾಸವನ್ನು, ಡೇಟಾದಲ್ಲಿರುವ ಅತಿ ದೊಡ್ಡ ವ್ಯತ್ಯಾಸದಿಂದ ಭಾಗಿಸಿ 1ರಿಂದ ಕಳೆಯಿರಿ. ಕೆಲಸ ಒಂದೇ ಆದರೆ 1, ಇಲ್ಲದಿದ್ದರೆ 0. ಸಾಕು.

ಇನ್ನು ಋಣ ಸಂಖ್ಯೆಯ ಕಾಟ. ಮಹೌಟ್ ಹೋಲಿಕೆಯನ್ನು -1ರಿಂದ 1ರ ಒಳಗೆ ಕೇಳುತ್ತದೆ, ನೀವೂ ಹಾಗೇ ಕೊಟ್ಟಿರುತ್ತೀರಿ. ಆದರೆ ಒಬ್ಬ ನೆರೆಯವನ ಹೋಲಿಕೆ 0.6, ರೇಟಿಂಗ್ 4. ಇನ್ನೊಬ್ಬನದು -0.5, ರೇಟಿಂಗ್ 2. ತೂಕದ ಸರಾಸರಿ ಹಾಕಿದರೆ ಮೇಲೆ 2.4ರಲ್ಲಿ 1 ಹೋಗಿ 1.4, ಕೆಳಗೆ ಬರೀ 0.1. ಉತ್ತರ 14! ಐದು ಸ್ಟಾರ್‌ನ ಅಳತೆಯಲ್ಲಿ ಹದಿನಾಲ್ಕು ಸ್ಟಾರ್. ಮಹೌಟ್ ಅದನ್ನು 5ಕ್ಕೆ ಕತ್ತರಿಸಿ ನಿಮ್ಮ ಮುಂದೆ ಇಡುತ್ತದೆ, ಹಾಗಾಗಿ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಪಟ್ಟಿಯಲ್ಲಿ 5 ಅಂಕದ ಸಿನಿಮಾಗಳೇ ಜಾಸ್ತಿ ಕಾಣುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಋಣ ಹೋಲಿಕೆಯ ನೆರೆಯವರನ್ನು ಸುಮ್ನೆ ಬಿಟ್ಟುಬಿಡುವುದು ಸುಲಭ. ಪೈಥಾನ್‌ನ ಸರ್ಪ್ರೈಸ್ ಲೈಬ್ರರಿಯ ಕೆಎನ್ಎನ್ (ಹತ್ತಿರದ ನೆರೆಯವರನ್ನು ಹುಡುಕುವ ವಿಧಾನ) ಕೂಡ ಸೊನ್ನೆಗಿಂತ ಮೇಲಿನವರನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ.

ವೇಗಕ್ಕೆ, ಒಮ್ಮೆ ಲೆಕ್ಕ ಹಾಕಿದ ಹೋಲಿಕೆಯನ್ನು ನೆನಪಿಟ್ಟುಕೊಳ್ಳುವ ಮಹೌಟ್‌ನ ಕ್ಯಾಶಿಂಗ್ ಯೂಸರ್ ಸಿಮಿಲಾರಿಟಿಯನ್ನು ಮೇಲೆ ಹೊದಿಸಬಹುದು. ಆಗ ಅಳತೆ ಎರಡೂ ದಿಕ್ಕಿನಿಂದ ಒಂದೇ ಇರಬೇಕು, ಇದು ನೆನಪಿರಲಿ. ಬಳಕೆದಾರರು ಒಂದು ಲಕ್ಷ ಆದರೆ ಜೋಡಿಗಳು ಸುಮಾರು 500 ಕೋಟಿ. ಅಷ್ಟು ಹೊತ್ತಿಗೆ ಈ ವಿಧಾನವನ್ನೇ ಬಿಟ್ಟು ಬೇರೆ ದಾರಿ ಹುಡುಕುವುದು ವಾಸಿ.

ಪರೀಕ್ಷೆಗೆ ಮೂವಿಲೆನ್ಸ್ 100ಕೆ ಎಂಬ ಸಿನಿಮಾ ರೇಟಿಂಗ್ ಡೇಟಾ ಒಳ್ಳೆಯದು. 943 ಬಳಕೆದಾರರು, 1,682 ಸಿನಿಮಾ, 1 ಲಕ್ಷ ರೇಟಿಂಗ್. ವಯಸ್ಸು, ಕೆಲಸ ಎರಡೂ ಅದರಲ್ಲೇ ಇವೆ. ಆದರೆ ಅದರಲ್ಲಿ ಒಂದು ಕೊಕ್ಕೆ ಇದೆ. ಪ್ರತಿಯೊಬ್ಬರೂ ಕನಿಷ್ಠ 20 ಸಿನಿಮಾಗಳಿಗೆ ರೇಟಿಂಗ್ ಕೊಟ್ಟವರೇ. ಪ್ರೊಫೈಲ್ ಬೇಕಾಗುವುದು ಹೊಸಬರಿಗೆ, ಹೊಸಬರೇ ಅಲ್ಲಿಲ್ಲ. ಆದ್ದರಿಂದ ಕೆಲವರ ರೇಟಿಂಗ್‌ಗಳಲ್ಲಿ ಎರಡು ಮೂರನ್ನಷ್ಟೇ ಉಳಿಸಿ, ಮಿಕ್ಕಿದ್ದನ್ನು ನೀವೇ ಬಚ್ಚಿಡಿ. ಆಮೇಲೆ ಬರೀ ಪಿಯರ್ಸನ್ ಮತ್ತು ನಿಮ್ಮ ಅಳತೆ, ಬಚ್ಚಿಟ್ಟ ರೇಟಿಂಗ್‌ಗಳ ಹತ್ತಿರಕ್ಕೆ ಯಾವುದು ಬರುತ್ತದೆ ಎಂದು ಅಳೆದು ನೋಡಿ.